ಉಪ್ಪುನೀರಿನ ಹೆಪ್ಪು

ನಮ್ಮ ಮನೆತನದಲ್ಲಿ ಬಿ.ಎಸ್ಸಿ. ಪಾಸು ಮಾಡಿದ ಮೊದಲನೆಯವನು ನಾನು. ಆ ಕಾಲದಲ್ಲಿ ಯಾರು ಕೇಳಲಿ ಬಿಡಲಿ ನಾನೇ ಹೇಳಿಕೊಳ್ಳುತ್ತಿದ್ದೆ, ಈಗಲೂ ಹೇಳಿಯೇ ಶುರು ಮಾಡುತ್ತೇನೆ. ಈಸೂರಿನ ಹತ್ತಿರ ಕುರಿ ಸಾಕುವ ಮನೆ ನಮ್ಮದು. ಅಪ್ಪ ಮಂದೆಯ ಹಿಂದೆ ಎಷ್ಟು ನಡೆದರೋ ನಾನು ಶಾಲೆಗೆ ಅಷ್ಟೇ ನಡೆದಿದ್ದೇನೆ. ಹಾಗೆ ದಕ್ಕಿದ ಪದವಿಯನ್ನು ಮಡಚಿ ಟ್ರಂಕಿನಲ್ಲಿಡಲು ನಾನು ತಯಾರಿರಲಿಲ್ಲ.

ಐವತ್ತರ ದಶಕದ ಕೊನೆಯಲ್ಲಿ, ಶಿಕಾರಿಪುರದಲ್ಲಿ ಊರವರ ಕಮಿಟಿಯೊಂದು ನಡೆಸುತ್ತಿದ್ದ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಅದೂ ಹಂಗಾಮಿ. ಜೀವಶಾಸ್ತ್ರ ಅಲ್ಲಿ ಹೊಸ ವಿಷಯ. ಹೆಡ್‌ಮಾಸ್ಟರು ಮೊದಲ ದಿನವೇ ಬಿಡಿಸಿ ಹೇಳಿದರು: "ನೋಡ್ರೀ, ಇನ್ಸ್‌ಪೆಕ್ಟರ್ ಬಂದು ಹೂಂ ಅಂದ್ರೆ ವಿಷಯಾನೂ ಇರ್ತದೆ, ನೀವೂ ಇರ್ತೀರಿ. ಊಹೂಂ ಅಂದ್ರೆ ನಿಮ್ಮ ಕುರಿ ಇದ್ದೇ ಇದಾವಲ್ಲ."

ಕುರಿಯ ಮಾತಿಗೆ ನಾನು ಸಿಟ್ಟಾಗಲಿಲ್ಲ. ಕಪ್ಪೆ, ಜಿರಲೆ ಯಾರಾದರೂ ತೋರಿಸುತ್ತಾರೆ. ನಾನು ಇನ್ಸ್‌ಪೆಕ್ಟರಿಗೆ ಸಮುದ್ರ ತೋರಿಸುತ್ತೇನೆ ಎಂದುಕೊಂಡೆ.

ರಜೆಯಲ್ಲಿ ಹೊನ್ನಾವರಕ್ಕೆ ಹೋಗಿ, ದಡದ ಬಂಡೆಗಳ ನಡುವೆ ನಿಂತ ನೀರಿನಲ್ಲಿ ಬೆರಳುದ್ದದ ಮೂರು ಮೀನು, ಶಂಖದೊಳಗೆ ಮನೆ ಮಾಡಿಕೊಳ್ಳುವ ಕೆಲವು ಏಡಿ ಹಿಡಿದೆ. ದೊಡ್ಡ ದೊಡ್ಡ ಉಪ್ಪಿನಕಾಯಿ ಭರಣಿಗಳಿಗೆ ಸಮುದ್ರದ ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿದೆ. ಸಾಗರದಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರ್ ಒಂದನ್ನು ಎತ್ತಲು ಹೋಗಿ, "ಏನ್ ಮೇಷ್ಟ್ರೇ, ಉಪ್ಪಿನಕಾಯಾ?" ಎಂದ.

"ಉಪ್ಪು ಮಾತ್ರ ಐತಿ, ಕಾಯಿ ಇಲ್ಲ."

ಬಟ್ಟೆ ಸರಿಸಿ ಇಣುಕಿದವನು, "ಇವಕ್ಕೂ ಟಿಕೆಟ್ ಹರಿಯಬೇಕೇನ್ರೀ?" ಎಂದು ಇಡೀ ಬಸ್ಸನ್ನು ನಗಿಸಿದ.

ಸಮುದ್ರದ ಮೀನನ್ನು ಒಳನಾಡಿನಲ್ಲಿ ಉಳಿಸುವುದು ಉಪ್ಪಿನ ಪ್ರಶ್ನೆಯಲ್ಲ, ಹೊಲಸಿನ ಪ್ರಶ್ನೆ. ಇಷ್ಟಗಲದ ನೀರಿನಲ್ಲಿ ಮೀನು ತನ್ನ ಹೊಲಸಿನಿಂದಲೇ ಸಾಯುತ್ತದೆ. ನನಗೆ ಸಿಕ್ಕಿದ್ದು ಹಳೇ ಬ್ಯಾಟರಿಯ ಗಾಜಿನ ತೊಟ್ಟಿ. ಶಿವಮೊಗ್ಗದಲ್ಲಿ ಮೋಟಾರು ಸೀಟು ಹೊಲಿಯುವವರ ಹತ್ತಿರ ರಬ್ಬರ್ ಸ್ಪಂಜು ತಂದೆ. ಮುಷ್ಟಿಯಷ್ಟು ದಪ್ಪದ ತುಂಡಿಗೆ ಗಾಜಿನ ಕೊಳವೆ ತೂರಿಸಿ ತೊಟ್ಟಿಯ ತಳದಲ್ಲಿ ನಿಲ್ಲಿಸಿದೆ. ಗಾಳಿ ತುಂಬಿದ ಲಾರಿ ಟ್ಯೂಬಿನಿಂದ ಸಣ್ಣ ರಬ್ಬರ್ ನಳಿಕೆ ಎಳೆದು, ಕ್ಲಿಪ್ಪು ಬಿಗಿದು, ಕೊಳವೆಯ ಬುಡಕ್ಕೆ ಸ್ವಲ್ಪ ಸ್ವಲ್ಪವೇ ಗಾಳಿ ಬಿಟ್ಟೆ. ಗುಳ್ಳೆ ಏರುವಾಗ ಕೊಳವೆಯೊಳಗಿನ ನೀರನ್ನೂ ಎತ್ತಿಕೊಂಡು ಹೋಗುತ್ತದೆ. ಆ ಜಾಗಕ್ಕೆ ಬರುವ ನೀರು ಸ್ಪಂಜನ್ನು ಹಾದೇ ಬರಬೇಕು. ಕಸ ಸ್ಪಂಜಿಗೆ, ತಿಳಿ ಮೇಲಕ್ಕೆ. ಟ್ಯೂಬು ಇಳಿದಂತೆ ವಿದ್ಯಾರ್ಥಿಗಳು ಸರದಿಯಲ್ಲಿ ಪಂಪು ಹೊಡೆಯುತ್ತಿದ್ದರು.

ಸ್ಪಂಜು ಕಂದು ತಿರುಗಿ ಲೋಳೆಗಟ್ಟಿದಷ್ಟೂ ಮೀನುಗಳು ಚುರುಕಾದವು. ಗುಟ್ಟು ನನಗೆ ಹೊಳೆಯಲು ತಡವಾಗಲಿಲ್ಲ. ರಾತ್ರಿ ಹೊಲದಲ್ಲಿ ಮಂದೆ ತರುಬಿ ಮಲಗಿಸಿದರೆ ಹಿಕ್ಕೆ, ಗಂಜಲ ನೆಲಕ್ಕೆ ಬೀಳುತ್ತವೆ. ಮಣ್ಣಿನ ಸೂಕ್ಷ್ಮಜೀವಿಗಳು ಅದರ ವಿಷ ಮುರಿದು ಬೆಳೆಗೆ ಗೊಬ್ಬರ ಮಾಡುತ್ತವೆ. ಕಾಲೇಜಿನಲ್ಲಿ ಓದಿದ್ದೆ, ಅದಕ್ಕೂ ಮೊದಲು ಹೊಲದಲ್ಲಿ ಕಂಡಿದ್ದೆ. ಅಂಥವೇ ಜೀವಿಗಳು ಸ್ಪಂಜಿನಲ್ಲೂ ಬೇರೂರಿವೆ, ಹಾಗಾಗಿ ಬಾವಿಯ ನೀರಿನಲ್ಲಿ ತೊಳೆದರೆ ಕೆಟ್ಟೆವು ಎಂದು ತೀರ್ಮಾನಿಸಿದೆ. ಕಸ ಹೆಚ್ಚಾದಾಗ ತೊಟ್ಟಿಯಿಂದಲೇ ತೆಗೆದ ಉಪ್ಪುನೀರಿನಲ್ಲಿ ಮೆತ್ತಗೆ ಹಿಂಡಿ ಮತ್ತೆ ಇಡುತ್ತಿದ್ದೆ.

ಊರಿಗೆ ಹೋದಾಗ ಅವ್ವನಿಗೆ ಇದನ್ನೆಲ್ಲ ವಿವರಿಸಿದೆ. ಅವಳು ಮಜ್ಜಿಗೆ ಕಡೆಯುವುದನ್ನು ನಿಲ್ಲಿಸದೆ, "ಹೆಪ್ಪು ಅನ್ನಪ್ಪ ಹಂಗಾದ್ರೆ. ಪಕ್ಕದ ಮನಿಗೆ ಒಂದೀಟು ಕೊಟ್ಟಿರು. ನಮ್ಮನ್ಯಾಗ ಕೆಟ್ರೆ ಅಲ್ಲಿ ಇರ್ತತಿ" ಎಂದಳು.

ಮಾತು ಹಿಡಿಸಿತು. ಇನ್ನೊಂದು ಸ್ಪಂಜನ್ನು ಅದೇ ತೊಟ್ಟಿಯಲ್ಲಿ ಕಂದಾಗುವವರೆಗೆ ಬಿಟ್ಟು, ಸೊರಬದಲ್ಲಿ ವಿಜ್ಞಾನ ಹೇಳುತ್ತಿದ್ದ ನನ್ನ ಗೆಳೆಯನಿಗೆ ಒಯ್ದು ಕೊಟ್ಟೆ. ಜೊತೆಗೆ ಎರಡು ಏಡಿ, ಒಂದು ಭರಣಿ ನೀರು. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿಗೆ, "ತಗೊಳ್ಳಿ ಅಮ್ಮ, ಸಮುದ್ರದ ಹೆಪ್ಪು" ಎಂದು ಗತ್ತಿನಿಂದಲೇ ಹೇಳಿದ್ದೆ.

ಇನ್ಸ್‌ಪೆಕ್ಟರು ಬುಧವಾರ ಬರುತ್ತಾರೆಂದು ಸುದ್ದಿ ಬಂತು. ಹಿಂದಿನ ಶನಿವಾರ ಮಧ್ಯಾಹ್ನ ನಾನು ಊರಿಗೆ ಹೋದ ಮೇಲೆ ಹೆಡ್‌ಮಾಸ್ಟರು ಶಾಲೆ ತೊಳೆಸಲು ನಿಂತರು. ನೆಲ, ಬೆಂಚು, ಬೋರ್ಡು ಎಲ್ಲ ಮುಗಿಸಿ ಜೀವಶಾಸ್ತ್ರದ ಕೋಣೆಗೆ ಬಂದರಂತೆ. ಸೋಮವಾರ ನಾನು ಬರುವಾಗ ಸ್ಪಂಜು ಹೊಸದರಂತೆ ಹಳದಿಯಾಗಿತ್ತು. ನೀರು ಅಕ್ಕಿ ತೊಳೆದಂತಿತ್ತು. ಒಂದು ಮೀನು ಸತ್ತಿತ್ತು, ಉಳಿದೆರಡು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು.

"ಯಾರ್ ಸಾರ್ ಇದನ್ನ ತೊಳೆದಿದ್ದು?"

"ನಾನೇ ಹೇಳಿ ಕುದಿಸ್ದೆ ಕಣ್ರೀ, ಸೋಡಾ ಹಾಕಿ," ಎಂದರು ಹೆಡ್‌ಮಾಸ್ಟರು ಹೆಮ್ಮೆಯಿಂದ. "ಅದೇನು ಹೊಲಸು, ಅದೇನು ನಾತ! ಓದಿದೋರು ಹಿಂಗಾ ಇಡೋದು?"

"ಸಾರ್, ನೀವು ತೊಳೆದಿದ್ದು ನನ್ನ ನೌಕರೀನ."

ಅದು ಹೊಲಸಲ್ಲ, ಹೆಪ್ಪು ಎಂದು ವಿವರಿಸಿದಾಗ ಅವರ ಮುಖ ಇಳಿಯಿತು. ಭರಣಿಯಲ್ಲಿ ಉಳಿದಿದ್ದ ಸಮುದ್ರದ ನೀರಿನಿಂದ ಅರ್ಧ ತೊಟ್ಟಿ ಬದಲಿಸಿದೆ. ಅದು ಒಂದೆರಡು ದಿನದ ಮಟ್ಟಿಗೆ ಆಯಿತು, ಅಷ್ಟೆ. ತರಗತಿ ಮುಗಿಸಿ, ಖಾಲಿಯಾದ ಭರಣಿಯೊಂದಿಗೆ ಸೊರಬದ ಬಸ್ಸು ಹಿಡಿದೆ.

ನಾನು ಅವರ ಮನೆ ಮುಟ್ಟುವಾಗ ಗೆಳೆಯನ ಹೆಂಡತಿ ಆಗಷ್ಟೇ ದೀಪ ಹಚ್ಚಿ ಕೈಮುಗಿಯುತ್ತಿದ್ದರು. ವಿಷಯ ಕೇಳಿ ಗೆಳೆಯ ನಕ್ಕ. "ಎಂತ ಮಾರಾಯ್ರೇ, ಕೊಟ್ಟಿದ್ದನ್ನ ವಾಪಸ್ ಕೇಳಕ್ಕೆ ಬಂದ್ರಾ?"

"ಅರ್ಧ ಸಾಕು."

ಅವನು ಬ್ಲೇಡು ತಂದ. ಆಕೆ ತೊಟ್ಟಿಯ ಮುಂದೆ ಬಂದು ನಿಂತರು. "ಈಗ ಕೊಡದಿಲ್ಲ. ದೀಪ ಹಚ್ಚಿದ ಮೇಲೆ ಹೆಪ್ಪು ಹೊಸ್ತಿಲು ದಾಟಬಾರ್ದು."

"ಅಮ್ಮಾ, ಇದು ಮೋಟಾರು ಸೀಟಿನ ಸ್ಪಂಜು!"

"ಹೆಪ್ಪು ಅಂದಿದ್ದು ಯಾರು, ನಾನಾ? ನಿಮ್ಮ ಅವ್ವ ಕೊಡ್ತಿದ್ರಾ ಹೇಳಿ."

ಅವ್ವ ಕೊಡುತ್ತಿರಲಿಲ್ಲ. ಗೆಳೆಯ ಬ್ಲೇಡು ಕೆಳಗಿಟ್ಟು, "ಉಣ್ಣಕ್ಕೆ ಏಳಿ. ಹೇಗೂ ಕಡೇ ಬಸ್ಸು ಹೋಯ್ತು" ಎಂದ. ನಾನು ಬಿ.ಎಸ್ಸಿ. ಪದವೀಧರ, ವಾದ ಮಾಡಬಹುದಿತ್ತು. ಆದರೆ ಬಸ್ಸೇ ಇಲ್ಲದ ಮೇಲೆ ಯಾವ ವಾದ? ಬೆಳಿಗ್ಗೆ ಆಕೆಯೇ ಎದುರು ನಿಂತು ಸ್ಪಂಜನ್ನು ಸೀಳಿಸಿದರು. ಅರ್ಧ ಅವರ ಏಡಿಗಳಿಗೆ, ಅರ್ಧ ನನ್ನ ಭರಣಿಗೆ, ಅವರ ತೊಟ್ಟಿಯದೇ ನೀರಿನಲ್ಲಿ ಮುಳುಗಿಸಿ. "ಈಗ ಒಯ್ರಿ. ಉಳೀತಾವೆ," ಎಂದರು.

ಮೊದಲ ಬಸ್ಸಿನಲ್ಲಿ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಸ್ಪಂಜನ್ನು ಕೊಳವೆಗೆ ಸಿಕ್ಕಿಸಿ ಗಾಳಿ ಬಿಟ್ಟೆ. ಸಂಜೆ ಹೊತ್ತಿಗೆ ಮೀನುಗಳು ಮೇಲಿಂದ ಇಳಿದವು. ಬುಧವಾರ ನೀರಿನಲ್ಲಿ ತಳದ ಮರಳು ಕಾಣುತ್ತಿತ್ತು, ಏಡಿಗಳು ಶಂಖ ಹೊತ್ತು ಅದರ ಮೇಲೆ ಓಡಾಡುತ್ತಿದ್ದವು.

ಇನ್ಸ್‌ಪೆಕ್ಟರು ತೊಟ್ಟಿಯ ಮುಂದೆ ಬಾಗಿ ಬಹಳ ಹೊತ್ತು ನೋಡಿದರು. ಆಮೇಲೆ ಬೆರಳು ತೋರಿಸಿ, "ಎಲ್ಲಾ ಸರಿ, ಆ ಸ್ಪಂಜು ಯಾಕೆ ಅಷ್ಟು ಗಲೀಜು? ತೊಳೆಸಬಾರದೇನ್ರೀ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಹೆಡ್‌ಮಾಸ್ಟರು ನಡುವೆ ಬಂದರು. "ತೊಳೀಬಾರ್ದು ಸಾರ್. ಅದು ಹೆಪ್ಪು. ತೊಳ್ಸಿ ನೋಡಿದೀನಿ."

ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿದರು. ಮಂದೆ ತರುಬಿದ ಹೊಲದಿಂದ ಶುರುಮಾಡಿ ಸ್ಪಂಜಿನವರೆಗೆ ಒಂದೂ ಇಂಗ್ಲಿಷ್ ಮಾತಿಲ್ಲದೆ ಹೇಳಿದೆ. ಮಕ್ಕಳಿಗೂ ಹೀಗೇ ಹೇಳುತ್ತೀರಾ ಎಂದು ಕೇಳಿದರು. ಹೂಂ ಅಂದೆ. ಅವರೂ ಹೂಂ ಅಂದರು.

ಅವರು ಹೊರಟ ಮೇಲೆ ಹೆಡ್‌ಮಾಸ್ಟರು ನನ್ನ ಬೆನ್ನು ತಟ್ಟಿ, "ಇನ್ನೇನ್ರೀ, ಕುರಿ ಮಾರಿಬಿಡಬಹುದು" ಎಂದರು.

"ಯಾಕೆ ಸಾರ್? ಪಾಠ ಬಂದಿದ್ದೇ ಅವುಗಳಿಂದ," ಎಂದು ಟ್ಯೂಬಿಗೆ ಪಂಪು ಹೊಡೆಯಲು ಹೋದೆ.