ಬೆನ್ನಲ್ಲಿ ಮರಿ ಹೊತ್ತ ಕಪ್ಪೆ

ಮೆಹದಿಪಟ್ಟಣಂನಲ್ಲಿ ನಮ್ಮ ಪಕ್ಕದ ಮನೆಯ ಟೀಚರು ಗಾಜಿನ ತೊಟ್ಟಿಯಲ್ಲಿ ಅಮೆಜಾನ್ ಕಡೆಯ ಎರಡು ಕಪ್ಪೆಗಳನ್ನು ಸಾಕಿದ್ದರು. ಅವು ತರಗೆಲೆಯಂತೆ ಚಪ್ಪಟೆ. ನೀರೇ ಅವುಗಳ ಮನೆ. ಯಾರು ಮೂಗು ಮುರಿದರೂ ಟೀಚರು ಸೆರಗಿನಿಂದ ಗಾಜು ಒರೆಸಿ, "ಸಮೀಪ ಬಂದು ನೋಡ್ರಿ" ಎನ್ನುತ್ತಿದ್ದರು.

ಒಮ್ಮೆ ಹೆಣ್ಣುಕಪ್ಪೆಯ ಬೆನ್ನ ತುಂಬ ಗುಳ್ಳೆಗಳೆದ್ದವು.

"ರೋಗ ಬಂದೈತ್ರಿ, ಒಗದುಬಿಡ್ರಿ" ಎಂದು ನಮ್ಮವ್ವ ಹೆದರಿದಳು.

"ರೋಗ ಅಲ್ರಿ, ತತ್ತಿ. ಬೆನ್ನಾಗ ಹೊತ್ಕೊಂಡಾಳ. ಸಮೀಪ ಬಂದು ನೋಡ್ರಿ."

ಮೂರ್ನಾಲ್ಕು ತಿಂಗಳ ಬಳಿಕ ಒಂದು ಬೆಳಿಗ್ಗೆ ಟೀಚರು ನಮ್ಮ ಬಾಗಿಲು ಬಡಿದರು. ಓಡಿದೆವು. ಕಪ್ಪೆಯ ಬೆನ್ನಿನ ಚರ್ಮ ಬಿರಿದು ಮೊದಲು ಪುಟ್ಟ ಕಾಲು, ಆಮೇಲೆ ಇಡೀ ಮರಿಯೇ ಹೊರಬಂದು ಈಜಿತು. ಅದರ ಹಿಂದೆ ಇನ್ನೊಂದು. ಟೀಚರು ಚಪ್ಪಾಳೆ ತಟ್ಟಿ ಜೋರಾಗಿ ನಕ್ಕರು.

ಅವ್ವ ಅವರ ಕೈ ಹಿಡಿದು ಪಿಸುಗುಟ್ಟಿದಳು: "ಗದ್ದಲ ಮಾಡಬ್ಯಾಡ್ರಿ, ಬಾಣಂತಿ ಅದಾಳ."