ಖೋಲಿ ನೋಡದ ಮಿಕ್ಸರ್ ಹೇಳಂಗಿಲ್ಲ

ಕಿಟಕಿಯ ಸರಳುಗಳ ನಡುವೆ ಎರಡೂ ಕೈ ಒಳಗೆ ತೂರಿಸಿ, ಪಟ್ ಎಂದು ಒಂದೇ ಒಂದು ಚಪ್ಪಾಳೆ ಹೊಡೆದು, ಕೈ ಹೊರಗೆ ಎಳೆದುಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು ಮೈಕಿನ ಫಕೀರಪ್ಪ. ಸವಣೂರಿನ ನಮ್ಮ ಓಣಿಯ ಮಂದಿರದಲ್ಲಿ ಅಪ್ಪನ ಪ್ರವಚನ ಇದ್ದ ದಿನ ಇದು ತಪ್ಪದೆ ನಡೆಯುವ ಸಂಗತಿ. ಸದ್ದು ಗೋಡೆಗೆ ಬಡಿದು ಹೇಗೆ ಮರಳುತ್ತದೆ ಎಂದು ಕೇಳಿಸಿಕೊಂಡು, ಮೈಕು ಎಲ್ಲಿಡಬೇಕು, ಹಾರ್ನ್ ಯಾವ ಕಡೆಗೆ ತಿರುಗಿಸಬೇಕು ಎಂದು ಹೇಳಿಬಿಡುತ್ತಿದ್ದರು. ನಾವು ಹುಡುಗಿಯರು ಅವರ ಬೆನ್ನ ಹಿಂದೆ ಹಾಗೆಯೇ ಚಪ್ಪಾಳೆ ಹೊಡೆದು ನಗುತ್ತಿದ್ದೆವು. ಬಾಗಿಲು ಹಾರು ಹೊಡೆದಿರುವಾಗ ಒಬ್ಬ ದೊಡ್ಡ ಮನುಷ್ಯ ಕಿಟಕಿಯಲ್ಲಿ ಯಾಕೆ ಕೈ ಹಾಕುತ್ತಾನೆ ಎಂದು ನಮ್ಮಲ್ಲಿ ಒಬ್ಬಳಿಗಾದರೂ ಹೊಳೆಯಬೇಡವೇ? ಹೊಳೆಯಲಿಲ್ಲ. ನೆನೆದರೆ ಈಗ ಮೈ ಉರಿಯುತ್ತದೆ.

ಮೈಕನ್ನು ಒಳಗೆ ಒಯ್ಯುತ್ತಿದ್ದವಳು ನಾನೇ. ಫಕೀರಪ್ಪ ಅದನ್ನು ತಂದು ಕಟ್ಟೆಯ ಅಂಚಿಗೆ ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ನಾನು ಎತ್ತಿಕೊಂಡು ಹೋಗಿ ಅಪ್ಪನ ಮುಂದೆ ನಿಲ್ಲಿಸುತ್ತಿದ್ದೆ. ಕಿಟಕಿಯಿಂದ ದನಿ ಬರುತ್ತಿತ್ತು: "ಇನ್ನೊಂಚೂರು ಎಡಕ್ಕ ತಗೀರಿ ತಂಗಿ. ಏ, ಅದು ಬಲ, ಎಡಕ್ಕಂದ್ರ ಎಡಕ್ಕ! ಅದರ ಕುತಿಗಿ ತಗ್ಗಸ್ರಿ. ಹಾಂ, ಸಾಕು. ಇನ್ನ ಮುಟ್ಟಬ್ಯಾಡ್ರಿ." ಆಮೇಲೆ ಹೊರಗೆ ಬೇವಿನ ಮರದ ಕೆಳಗೆ ತಮ್ಮ ಪೆಟ್ಟಿಗೆಗಳ ಮುಂದೆ ಮೂರು ತಾಸು ಕೂಡುತ್ತಿದ್ದರು. ಅಪ್ಪನಿಗೆ ಕೆಮ್ಮು ಬರುವ ಮೊದಲೇ ಇವರ ಬೆರಳು ಗುಂಡಿಯ ಮೇಲಿರುತ್ತಿತ್ತು. ಆ ಕೆಮ್ಮು ಊರಿಗೆ ಕೇಳಿಸಿದ್ದೇ ಇಲ್ಲ. "ಫಕೀರಪ್ಪನ ಕಿವಿ ಭಾಳ ಛಲೋ ಅದ," ಎಂದು ಅಪ್ಪ ಊಟಕ್ಕೆ ಕುಳಿತಾಗ ಹೊಗಳುತ್ತಿದ್ದ. ಹೊಗಳಲಿಕ್ಕೆ ಏನು ಖರ್ಚು?

ಒಮ್ಮೆ ನಾನು ಕೇಳಿದ್ದೆ, ಹೊರಗೇ ಯಾಕೆ ಕೂಡುತ್ತೀರಿ ಎಂದು. ಅವರು ತಲೆ ಎತ್ತದೆ, "ಒಳಗ ಕುಂತವಗ ತನ್ನ ಮಗ್ಗಲಿಂದು ಅಷ್ಟ ಕೇಳ್ತೈತ್ರಿ. ಹೊರಗ ಕುಂತವಗ ಎಲ್ಲಾ ಕೇಳ್ತೈತಿ," ಎಂದರು. ನಾನು ಅದನ್ನು ಕಸುಬಿನ ಜಾಣತನ ಎಂದು ತಿಳಿದು, ಎಷ್ಟೋ ವರ್ಷ ಗೆಳತಿಯರಿಗೆಲ್ಲ ಹೇಳಿಕೊಂಡು ತಿರುಗಿದೆ. ದಡ್ಡಿ.

ಫಕೀರಪ್ಪ ಶಿಗ್ಗಾವಿಯವರು. ಹರೆಯದಲ್ಲಿ ಒಂದು ನಾಟಕ ಕಂಪನಿಯ ಜೊತೆ ಊರೂರು ಸುತ್ತಿ ಮೈಕಿನ ಕೆಲಸ ಕಲಿತವರು. ಆಮೇಲೆ ಶಿಗ್ಗಾವಿಗೇ ಮರಳಿ ಬಸ್ ಸ್ಟ್ಯಾಂಡಿನ ಹಿಂದೆ ಸಣ್ಣ ಅಂಗಡಿ ಇಟ್ಟರು. ಹಾನಗಲ್, ಅಕ್ಕಿಆಲೂರು, ಹಿರೇಕೆರೂರಿನ ತನಕ ಮದುವೆ, ನಾಟಕ, ಚುನಾವಣೆ ಎಲ್ಲಕ್ಕೂ ಅವರದೇ ಮೈಕು. ಅಂಗಡಿಯ ಗೋಡೆಗೆ ಬುದ್ಧನ ಪಟವೊಂದೇ. "ಆ ದೇವರ ಕಡೆ ಹೋಗೂದು ಬಿಟ್ಟೇವ್ರಿ. ಅವರು ಒಳಗ ಕರೀಲಿಲ್ಲ, ನಾವೂ ಕಾಯಲಿಲ್ಲ," ಎಂದು ಒಂದು ಸಲ ಹೇಳಿದ್ದರು. ಅದಕ್ಕಿಂತ ಹೆಚ್ಚು ಆ ವಿಷಯ ಮಾತಾಡಿದವರಲ್ಲ.

ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಗಿರಾಕಿ ಎಷ್ಟೇ ದೊಡ್ಡವನಿರಲಿ, ಬೈಸಿಕೊಳ್ಳದೆ ಹೋಗುತ್ತಿರಲಿಲ್ಲ. ದುಂಡಸಿಯ ಸಾವುಕಾರನೊಬ್ಬ ಹನ್ನೆರಡು ಗುಂಡಿಯ, ಕೆಂಪು ಹಸಿರು ದೀಪ ಮಿಣುಕುವ, ಹಲವು ದನಿ ಒಂದಕ್ಕೊಂದು ಕೂಡಿಸುವ ಹೊಸ ಮಿಕ್ಸರ್ ಹೊತ್ತು ತಂದು, ಇದು ಸರಿಯಾಗಿ ಹಾಡುತ್ತಿಲ್ಲ ಎಂದಿದ್ದ. "ಇದಕ್ಕ ಏನೇನು ಜೋಡಸ್ತೀರಿ?" ಎಂದು ಫಕೀರಪ್ಪ ಕೇಳಿದರು. "ಒಂದು ಟೇಪು," ಎಂದ ಸಾವುಕಾರ. "ಒಂದು ಟೇಪಿಗೆ ಹನ್ನೆರಡು ಗುಂಡಿ? ಒಬ್ಬಾಕಿ ಸೊಸಿಗೆ ಹನ್ನೆರಡು ಮಂದಿ ಅತ್ತಿ ಆದ್ಹಂಗಾತು. ಅದು ಹೆಂಗ ಹಾಡೀತ್ರೀ? ಅಳತೈತಿ! ದೀಪ ನೋಡೂ ಹೌಸಿದ್ರ ದೀಪಾವಳಿ ತನಕ ತಡೀಬೇಕಿತ್ತು." ಸಾವುಕಾರನ ಮುಖ ನೋಡುವಂತಿತ್ತು. ನಾನು ಬೆಂಚಿನ ಮೇಲೆ ಕುಳಿತು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ.

ನಾನು ಆ ಬೆಂಚಿಗೆ ಬಂದದ್ದು ಹೇಗೆಂದರೆ, ಆ ಹೊತ್ತಿಗೆ ನಾನು ಶಿಗ್ಗಾವಿಯ ಶಾಲೆಯೊಂದರಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳು. ಸವಣೂರಿನಿಂದ ದಿನಾ ಬಸ್ಸು. ಶಾಲೆಯಲ್ಲಿ ನನಗೆ ಬಾಯಿಬಡಕಿ ಎಂದೇ ಹೆಸರು. ಹೆಡ್ ಮಾಸ್ತರರೂ ನಾನು ಎದ್ದು ನಿಂತರೆ ಸುಮ್ಮನಾಗುತ್ತಿದ್ದರು. ಅದರ ಬಗ್ಗೆ ನನಗೆ ದೊಡ್ಡ ಹೆಮ್ಮೆಯೂ ಇತ್ತು.

ಪ್ರತಿ ವರ್ಷದ ಗ್ಯಾದರಿಂಗಿನಲ್ಲಿ, ಅಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ನಮ್ಮ ಹುಡುಗಿಯರ ಕುಣಿತಕ್ಕೆ ಒಂದೇ ಅಡ್ಡಿ. ಒಂದು ಹಾಡು ಮುಗಿದರೆ ಗ್ರಾಮಫೋನಿನ ಪ್ಲೇಟು ತೆಗೆದು ಇನ್ನೊಂದು ಹಾಕುವ ತನಕ ಪಾಪ ಅವರು ಎತ್ತಿದ ಕೈ ಎತ್ತಿದಂತೆಯೇ ಕಂಬಗಳಾಗಿ ನಿಲ್ಲಬೇಕು. ಹಿಂದೆ ಕುಳಿತ ಪುಂಡರು ಸೀಟಿ ಹೊಡೆಯಬೇಕು. ಒಂದು ಹುಡುಗಿ ಅಳುತ್ತ ಕೆಳಗಿಳಿದೂ ಬಂದಿದ್ದಳು. ಆ ವರ್ಷ ಫಕೀರಪ್ಪ ಎರಡು ಪ್ಲೇಟಿನ ಪೆಟ್ಟಿಗೆ ತಂದರು. ನಡುವೆ ತಗಡಿನ ಡಬ್ಬಿಯಲ್ಲಿ ಅವರೇ ಕೂಡಿಸಿದ ಒಂದು ಮಿಕ್ಸರ್. ಒಂದು ಹಾಡು ಇಳಿಯುತ್ತಿದ್ದಂತೆಯೇ ಅದರೊಳಗಿಂದ ಇನ್ನೊಂದು ಏರಿತು. ತಾಳ ತಪ್ಪಲಿಲ್ಲ. ಹುಡುಗಿಯರು ನಿಲ್ಲದೆ ತಿರುಗಿದರು, ಪುಂಡರ ಬೆರಳು ಬಾಯಲ್ಲೇ ಉಳಿಯಿತು. ನಾನು ಕುಣಿತ ನೋಡುವುದು ಬಿಟ್ಟು ಅವರ ಬೆರಳು ನೋಡುತ್ತ ನಿಂತುಬಿಟ್ಟೆ.

ಮರುದಿನ ಶಾಲೆ ಬಿಟ್ಟವಳೇ ಅಂಗಡಿಗೆ ಹೋದೆ. "ಇದನ್ನ ನನಗ ಕಲಸ್ರಿ. ಮನಿಯೊಳಗ ಒಂದು ಪ್ಲೇಟು, ಎರಡು ಟೇಪು ಅವ. ಹಾಡು ಕೂಡಿಸಿ ಕ್ಯಾಸೆಟ್ ಮಾಡಿ ನಮ್ಮ ಹುಡುಗ್ಯಾರಿಗೆ ಕೊಡ್ತೀನಿ. ಮಿಕ್ಸರ್ ಯಾವುದು ತಗೋಬೇಕು, ಹೇಳ್ರಿ," ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಫಕೀರಪ್ಪ ಬೆಂಚು ಒರೆಸಿ, "ಕುಂದರ್ರಿ ಅಕ್ಕಾರ," ಎಂದರು.

ಒಂದು ತಿಂಗಳು ಕಲಿಸಿದರು. ಕಿವಿಗೆ ಹೆಡ್‌ಫೋನು ಕೊಟ್ಟು, "ಮಂದಿಗೆ ಕೇಳಸೂಕಿಂತ ಮೊದಲ ನೀವು ಕೇಳಬೇಕು. ಅದಕ್ಕ ಹೆಡ್‌ಫೋನಿಗೆ ತೂತಿಲ್ಲದ ಮಿಕ್ಸರ್ ಪುಗಸಟ್ಟೆ ಕೊಟ್ರೂ ಒಯ್ಯಬ್ಯಾಡ್ರಿ," ಎಂದರು. ಪ್ಲೇಟಿನ ದನಿ ಬಹಳ ಸಣ್ಣದು, ಅದಕ್ಕೆ ಬೇರೆ ತೂತೇ ಬೇಕು, ಟೇಪಿನ ತೂತಿಗೆ ಜೋಡಿಸಿದರೆ ಇರುವೆ ಹಾಡಿದಂತೆ ಕೇಳುತ್ತದೆ ಎಂದರು. ಗುಂಡಿ ತಿರುಗಿಸುವಾಗ ಕರಕರ ಎಂದರೆ ಅಂಗಡಿಯವನ ಮುಖಕ್ಕೇ ವಾಪಸು ಕೊಡಬೇಕು. ಹೊಸದಾಗಿ ಕಲಿಯುವವರಿಗೆ ಎರಡು ಲೈನು, ಮೇಲೊಂದು ಮೈಕಿನದು, ಇಷ್ಟೇ ಸಾಕು. ನಾನು ತಪ್ಪಿದಾಗೆಲ್ಲ, "ಕಿವಿ ಮನ್ಯಾಗ ಬಿಟ್ಟು ಬಂದೀರೇನ್ರಿ?" ಎಂದು ರೇಗುತ್ತಿದ್ದರು. ಶಾಲೆಯಲ್ಲಿ ಯಾರಾದರೂ ನನಗೆ ಹಾಗೆ ಅಂದಿದ್ದರೆ ಜಗಳವೇ ಆಗುತ್ತಿತ್ತು. ಇಲ್ಲಿ ಮತ್ತೊಮ್ಮೆ ಮಾಡುತ್ತಿದ್ದೆ.

ಇಷ್ಟಾದರೂ ಯಾವ ಮಿಕ್ಸರ್ ಎಂದು ಮಾತ್ರ ಹೇಳಲೊಲ್ಲರು. ಹುಬ್ಬಳ್ಳಿಯಲ್ಲಿ ಎರಡು ಮೂರು ನಮೂನೆ ಸಿಗುತ್ತಿದ್ದವು. ಯಾವುದು ತರಲಿ ಎಂದು ದಿನಾ ಕಾಡುತ್ತಿದ್ದೆ. "ಖೋಲಿ ನೋಡದ ಮಿಕ್ಸರ್ ಹೇಳಂಗಿಲ್ಲ," ಎನ್ನುತ್ತಿದ್ದರು. ಅದನ್ನಿಡುವ ಕೋಣೆ ಮೊದಲು ನೋಡಬೇಕಂತೆ. "ಕಲ್ಲಿನ ಗ್ವಾಡಿ ಇದ್ರ ದನಿ ತಿರುಗಿ ಬಂದು ಮೈಕಿನ್ಯಾಗ ಹೊಕ್ಕೊಂಡು ಕೂಗಾಕ ಹತ್ತತೈತಿ. ಆಗ ದಪ್ಪ ದನಿಗೊಂದು, ಸಣ್ಣ ದನಿಗೊಂದು ಗುಂಡಿ ಬ್ಯಾರೆ ಬ್ಯಾರೆ ಇರೂದು ಬೇಕು. ನೆಲ ಅಳ್ಳಾಡಿದ್ರ ಪ್ಲೇಟಿನ ಮುಳ್ಳು ಜಿಗೀತೈತಿ. ಇದೆಲ್ಲಾ ಅಲ್ಲೇ ನಿಂತು ನೋಡಬೇಕ್ರಿ."

"ಹಂಗಾದ್ರ ಬರ್ರಿ ನಮ್ಮನಿಗೆ," ಎಂದೆ.

ಅವರು ಕೈಯಲ್ಲಿದ್ದ ವೈರು ಕೆಳಗಿಟ್ಟರು. "ಖೋಲಿ ತನಕ ಬರಬೌದೇನ್ರಿ?"

"ಯಾಕ ಬರಬಾರದು? ಯಾರರ ಏನರ ಅಂದ್ರ ನಾ ಇದ್ದೀನಲ್ಲ!"

ನಾ ಇದ್ದೀನಲ್ಲ. ಥೂ, ಎಂಥ ಗತ್ತಿನಿಂದ ಅಂದೆ ಆ ಮಾತು.

ರವಿವಾರ ಬೆಳಿಗ್ಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಿಂದಿನ ದಿನವಷ್ಟೇ ಕತ್ತರಿಸಿಕೊಂಡ ಕೂದಲು. ಕೈಚೀಲದಲ್ಲಿ ಆ ತಗಡಿನ ಡಬ್ಬಿಯ ಮಿಕ್ಸರ್, ನನ್ನ ಖೋಲಿಯಲ್ಲಿ ಹಚ್ಚಿ ನೋಡಲಿಕ್ಕೆ. ಇಪ್ಪತ್ತು ವರ್ಷ ನಮ್ಮ ಓಣಿಗೆ ಬಂದ ಮನುಷ್ಯ ಅಂಥ ಅಂಗಿ ತೊಟ್ಟದ್ದನ್ನು ನಾನು ಕಂಡಿರಲಿಲ್ಲ. ಅಪ್ಪ ಕಟ್ಟೆಯ ಮೇಲೆ ಪುಸ್ತಕ ಹಿಡಿದು ಕುಳಿತಿದ್ದ. ನಾನು ಬಾಗಿಲಲ್ಲಿ ನಿಂತಿದ್ದೆ. ಅಪ್ಪನಿಗೆ ಹಿಂದಿನ ದಿನವೇ ಹೇಳಿ ಇಡಬೇಕಾಗಿತ್ತು. ನಾಳೆ ಹೇಳಿದರಾಯಿತು, ಸಂಜೆ ಹೇಳಿದರಾಯಿತು ಎಂದು ಮುಂದೂಡುತ್ತ ಬಂದು ಹೇಳಿರಲೇ ಇಲ್ಲ. ಹೆಡ್ ಮಾಸ್ತರರ ಮುಂದೆ ಗುಡುಗುವ ಬಾಯಿ ಮನೆಯಲ್ಲಿ ಇಷ್ಟೇ.

"ಬಾರಪಾ ಫಕೀರಪ್ಪ. ಇವತ್ತು ಪ್ರವಚನ ಇಲ್ಲಲ್ಲ?" ಎಂದ ಅಪ್ಪ. ಅವನ ದನಿಯಲ್ಲಿ ಬೆಣ್ಣೆ.

"ಅಕ್ಕಾರ ಖೋಲಿ ನೋಡಾಕ ಬಂದೇನ್ರಿ ಆಚಾರ್ರ. ಮಿಕ್ಸರ್ ಕೂಡಸೂದೈತಿ."

"ಆತಲ್ಲ. ಅಲ್ಲೇ ಕೆಳಗ ಕೂಡು, ನೆರಳದ. ಆಕಿ ಸಾಮಾನೆಲ್ಲಾ ಹೊರಗ ತಂದು ಕೊಡ್ತಾಳ."

ಫಕೀರಪ್ಪ ಚೀಲ ಕೆಳಗಿಡಲಿಲ್ಲ. "ಸಾಮಾನು ಹೊರಗ ಬರ್ತಾವ್ರಿ. ಖೋಲಿ ಬರಂಗಿಲ್ಲಲ್ಲರಿ."

ಅಪ್ಪ ನಕ್ಕ. ಬೈದಿದ್ದರೆ, ಎದ್ದು ಕೂಗಾಡಿದ್ದರೆ ನನಗೂ ಬಾಯಿ ಬರುತ್ತಿತ್ತೇನೋ. ಅವನು ನಕ್ಕ. "ಅದಕ್ಕೇನಾತು? ಹಿತ್ತಲಕಡೆ ಕಿಟಕಿ ಅದ. ನಿನಗ ರೂಢಿ ಇದ್ದದ್ದ ಅಲ್ಲ."

ಫಕೀರಪ್ಪ ಅಪ್ಪನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದರು. ನಾನು ಹೊಸ್ತಿಲ ಒಳಗೆ, ಅವರು ಮೆಟ್ಟಿಲ ಕೆಳಗೆ. ನಡುವೆ ಮೂರು ಮಾರು ದೂರವೂ ಇರಲಿಲ್ಲ. ಒಳಗ ಬರ್ರಿ ಎಂದು ಎರಡು ಶಬ್ದ ಅಂದಿದ್ದರೆ ಆಗುತ್ತಿತ್ತು. ಮನೆಯೇನು ಕುಸಿದು ಬೀಳುತ್ತಿರಲಿಲ್ಲ. ಹೆಚ್ಚೆಂದರೆ ಅಪ್ಪ ಒಂದು ಹೊತ್ತು ಊಟ ಬಿಡುತ್ತಿದ್ದ, ಅವ್ವ ಅಳುತ್ತಿದ್ದಳು. ನನಗೆ ಕೈಯಲ್ಲಿ ನೌಕರಿ ಇತ್ತು. ಯಾರ ಹಂಗೂ ಇರಲಿಲ್ಲ. ಇದೆಲ್ಲ ಲೆಕ್ಕ ಈಗ ಬರುತ್ತದೆ. ಆಗ ನನ್ನ ಬಾಯಿಂದ ಬಂದದ್ದು ಬೇರೆ ಮಾತು. ನಾನು ಸುಮ್ಮನಿದ್ದೆ ಎಂದು ಹಲವರಿಗೆ ಹೇಳಿದ್ದೇನೆ. ಅದು ಸುಳ್ಳು. ಸುಮ್ಮನಿದ್ದಿದ್ದರೆ ಎಷ್ಟೋ ವಾಸಿಯಿತ್ತು.

"ಕಿಟಕಿ ತಗೀಲೇನ್ರಿ?" ಎಂದೆ.

"ಬ್ಯಾಡ್ರಿ," ಎಂದರು ಫಕೀರಪ್ಪ. ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಅಪ್ಪ ಪುಸ್ತಕದ ಹಾಳೆ ತಿರುವಿದ.

ಆ ದಿನ ಮನೆಯಲ್ಲಿ ನಾನು ಮಾಡಿದ ಜಗಳ ಓಣಿಗೆಲ್ಲ ಕೇಳಿಸಿತಂತೆ. ಪಾತ್ರೆ ಎಸೆದೆ. ಅಪ್ಪನಿಗೆ ಅನ್ನಬಾರದ್ದೆಲ್ಲ ಅಂದೆ. ಮೂರು ದಿನ ಅವನ ಜೊತೆ ಮಾತು ಬಿಟ್ಟೆ. ಎಲ್ಲ ಫಕೀರಪ್ಪ ಹೋದ ಮೇಲೆ! ಬಸ್ಸು ಹತ್ತಿ ಅವರು ಶಿಗ್ಗಾವಿ ಮುಟ್ಟಿದ ಮೇಲೆ ನನ್ನ ಶೌರ್ಯ. ಮಿಕ್ಸರ್ ತರಲೇ ಇಲ್ಲ. ಬೇರೆ ಯಾರನ್ನೋ ಕೇಳಿ ತರಬಹುದಿತ್ತು, ಅದಕ್ಕೂ ಮುಖವಿರಲಿಲ್ಲ. ಮರುವರ್ಷದ ಗ್ಯಾದರಿಂಗಿಗೆ ಹಾನಗಲ್ಲಿನಿಂದ ಬೇರೆ ಮೈಕಿನವನು ಒಂದೇ ಪ್ಲೇಟು ತಂದ. ನಮ್ಮ ಹುಡುಗಿಯರು ಮತ್ತೆ ಕೈ ಎತ್ತಿ ನಿಂತರು.

ಅಂಗಡಿಯ ಮುಂದೆ ಹಾಯಲಾರದೆ ನಾನು ಸುತ್ತು ಹಾದಿ ಹಿಡಿದು ಶಾಲೆಗೆ ಹೋಗುತ್ತಿದ್ದೆ. ವರ್ಷದ ಮೇಲಾಗಿರಬೇಕು, ಫಕೀರಪ್ಪ ಅಂಗಡಿ ಮುಚ್ಚಿ ಹಿರೇಕೆರೂರಿಗೆ ಮಗಳ ಹತ್ತಿರ ಹೋಗುತ್ತಾರೆ ಎಂದು ಯಾರೋ ಅಂದರು. ಅಲ್ಲಿಯೇ ಕೆಲವು ವರ್ಷಗಳ ನಂತರ ಅವರು ತೀರಿಕೊಂಡರಂತೆ. ಸುದ್ದಿ ನನಗೆ ಮುಟ್ಟಿದಾಗ ಮಣ್ಣಾಗಿ ತಿಂಗಳುಗಳೇ ಆಗಿದ್ದವು. ಹಾಗಾಗಿ ಅಂಗಡಿ ಮುಚ್ಚಿದ ಆ ದಿನ ಓಡಿ ಹೋಗಿ ನೋಡಿದ್ದೇ ಕಡೆಯ ಭೇಟಿ.

ಹಾರ್ನ್‌ಗಳನ್ನು ಟೆಂಪೋಕ್ಕೆ ಏರಿಸಿ ಆಗಿತ್ತು. ಅವರು ನೆಲದ ಮೇಲೆ ಕುಳಿತು ಉದ್ದನೆಯ ವೈರನ್ನು ಮೊಣಕೈಗೆ ಸುತ್ತುತ್ತಿದ್ದರು. ನನ್ನನ್ನು ಕಂಡು, "ಬರ್ರಿ ಅಕ್ಕಾರ," ಎಂದರು. ಬೆಂಚು ಹೋಗಿತ್ತು, ನಾನು ನಿಂತೇ ಇದ್ದೆ. ವರ್ಷದಿಂದ ಕಟ್ಟಿಟ್ಟದ್ದೆಲ್ಲ ಒಮ್ಮೆಲೇ ಹೊರಬಂತು. ನಮ್ಮಪ್ಪ ಕಲ್ಲು, ಅವನಿಗೆ ಶಾಸ್ತ್ರ ಗೊತ್ತು, ಮನುಷ್ಯರು ಗೊತ್ತಿಲ್ಲ, ಅವನಂಥವರಿಂದಲೇ ಊರು ಹಾಳಾಗಿದೆ, ನಾನು ಅವನಿಗೆ ಹಾಗೆ ಅಂದೆ, ಹೀಗೆ ಅಂದೆ, ಎಷ್ಟು ದಿನ ಮಾತು ಬಿಟ್ಟೆ ಎಂದೆಲ್ಲ ಒದರಿದೆ. ಟೆಂಪೋದವನು ಕೂಡ ಇಣುಕಿ ನೋಡಿದ. ಫಕೀರಪ್ಪ ವೈರು ಸುತ್ತುತ್ತಲೇ ಇದ್ದರು. ನನ್ನ ಮಾತು ಮುಗಿದ ಮೇಲೆ ಸಿಂಬೆಯ ತುದಿಯನ್ನು ಒಳಗೆ ಸಿಕ್ಕಿಸಿ ಎದ್ದು ನಿಂತರು.

"ಆಚಾರ್ರು ಏನಂತಾರ ಅನ್ನೂದು ನನಗ ಮೊದಲಿಂದ ಗೊತ್ತಿತ್ರಿ ಅಕ್ಕಾರ," ಎಂದರು. "ಅದನ್ನ ಕೇಳಾಕ ಅಷ್ಟು ದೂರ ಬರ್ತಿದ್ದಿಲ್ಲ. ನೀವು ಏನಂತೀರಿ ಅಂತ ಕೇಳಾಕ ಬಂದಿದ್ದೆ."