ಬೇಲಿಯಂಚಿನ ಸೊಪ್ಪು

ಆ ದಿನವೂ ಬೆಳಿಗ್ಗೆ ಹಾಲು ಕಾಯಿಸಿ, ಡಿಕಾಕ್ಷನ್ ಇಳಿಸಿ, ಯಜಮಾನರನ್ನು ಆಫೀಸಿಗೆ ಕಳಿಸಿ, ಅತ್ತೆಯವರ ಮುಂದೆ ಗಂಜಿಯ ಲೋಟ ಹಿಡಿದೆ. ಜ್ವರ ಬಿಟ್ಟು ಐದು ದಿನವಾಗಿತ್ತು. ಅವರು ಮಾತ್ರ ಎರಡು ಗುಟುಕಿಗಿಂತ ಹೆಚ್ಚು ಏನನ್ನೂ ಮುಟ್ಟುತ್ತಿರಲಿಲ್ಲ. ಕೈಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

"ಬಾಯೆಲ್ಲ ಕಹಿ ಕಣಮ್ಮ. ನೀನೇ ಕುಡ್ಕೋ" ಎಂದು ಲೋಟ ಸರಿಸಿದರು.

ಹೀಗೇ ಉಪವಾಸವಿದ್ದರೆ ಜ್ವರ ಮರುಕಳಿಸುತ್ತದೆ ಎಂದು ಡಾಕ್ಟರು ಹೇಳಿದ್ದರು. ಮನೆಯ ಸುತ್ತ ಸೊಳ್ಳೆ ಸೇರದಂತೆ ನೋಡಿಕೊಳ್ಳಿ ಎಂದೂ ಹೇಳಿದ್ದರು. ಊಟ ಮಾಡಿಸುವುದು ನನ್ನ ಕೈಲಾಗಲಿಲ್ಲ. ಸೊಳ್ಳೆಯದನ್ನಾದರೂ ನೋಡೋಣವೆಂದು ಸೆರಗು ಸಿಕ್ಕಿಸಿಕೊಂಡು ಹಿತ್ತಿಲಿಗಿಳಿದೆ. ಮಳೆ ಬಂದು ಹೋದ ವಾರ. ತಂತಿಬೇಲಿಯ ಉದ್ದಕ್ಕೂ ಕಳೆ ಮೊಣಕಾಲೆತ್ತರ ಬೆಳೆದಿತ್ತು.

ನಾನು ಓದಿದ ಕಾನ್ವೆಂಟಿನಲ್ಲಿ ತೋಟ ನೋಡಿಕೊಳ್ಳುತ್ತಿದ್ದ ಸಿಸ್ಟರ್ ನಮಗೊಂದು ಕ್ರಮ ಕಲಿಸಿದ್ದರು. ನೆಲ ಹಸಿಯಿರುವಾಗ ಬೇರುಸಹಿತ ಕೀಳಬೇಕು. ಒಳಗುಳಿದ ಬೇರಿಗೆ ಕುದಿಯುವ ಉಪ್ಪುನೀರು ಸುರಿಯಬೇಕು. ಮೇಲೆ ಇಟ್ಟಿಗೆ ಚೂರು ಹಾಸಿದರೆ ಮತ್ತೆ ಮೊಳಕೆ ಏಳದು. ನಾನು ಒಂದನ್ನೂ ಬಿಡದೆ ಮಾಡಿದೆ. ಕಿತ್ತದ್ದನ್ನು ಗೊಬ್ಬರದ ಗುಂಡಿಗೆ ಹಾಕಿ ಒಲೆಯ ಬೂದಿ ಮುಚ್ಚಿದೆ.

ನೀರು ಸುರಿಯುವ ಹೊತ್ತಿಗೆ ಪಕ್ಕದ ಮನೆಯವರು ಬಟ್ಟೆ ಒಗೆಯಲು ಬಂದರು. "ಏನ್ರೀ ಇದು, ನೆಲಕ್ಕೆ ಎಣ್ಣೆನೀರು ಹಾಕ್ತಿದೀರಾ?"

ಅವರ ಕಡೆ ಕಳೆ ಸೊಂಟ ಮುಟ್ಟುವಂತಿತ್ತು. ಸುಮ್ಮನೆ ನಕ್ಕೆ. ಒಳಗೊಳಗೆ ಸ್ವಲ್ಪ ಜಂಬವೂ ಇತ್ತು.

ಮಧ್ಯಾಹ್ನ ಅತ್ತೆ ಗೋಡೆ ಹಿಡಿದುಕೊಂಡು ಹಿತ್ತಿಲ ಬಾಗಿಲಿಗೆ ಬಂದು ಕೂತರು. ಜ್ವರ ಬಂದಮೇಲೆ ತಾವಾಗಿಯೇ ಊಟದ ಮಾತೆತ್ತಿದ್ದು ಅದೇ ಮೊದಲು.

"ಬೇಲಿ ಮಗ್ಗುಲಲ್ಲಿ ಅಣ್ಣೆಸೊಪ್ಪು, ಗಣಿಕೆಸೊಪ್ಪು ಚೆಂದಾಗಿ ಬಂದಿತ್ತಲ್ಲ. ಎರಡು ಹಿಡಿ ಬೆರಕೆ ಸೊಪ್ಪು ಕಿತ್ಕೊಂಡ್ಬಾ. ಉಪ್ಸಾರು ಮಾಡುದ್ರೆ ಒಂದು ಮುದ್ದೆ ಇಳೀತದೇನೋ."

ಹಿನಕಲ್ ಕಡೆಯ ಬೇಸಾಯಗಾರರ ಮನೆಯಲ್ಲಿ ಹುಟ್ಟಿದ ಅವರಿಗೆ ಅದು ಅಡುಗೆಯ ಸೊಪ್ಪು. ನನಗೆ ಸೊಪ್ಪೆಂದರೆ ಮಾರ್ಕೆಟ್ಟಿನಲ್ಲಿ ಕಟ್ಟು ಕಟ್ಟಿ ಇಟ್ಟದ್ದು ಮಾತ್ರ. ನಾನು ಬಾಯಿ ತೆರೆಯುವ ಮೊದಲೇ ಅವರ ಕಣ್ಣು ಇಟ್ಟಿಗೆ ಚೂರಿನ ಸಾಲಿನ ಮೇಲೆ ನಿಂತಿತು.

"ಎಲ್ಲಾ ಕಿತ್ತಾಕ್ಬುಟ್ಯಾ?"

ಅಷ್ಟೇ. ಎದ್ದು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಗುಂಡಿ ಕೆದಕಿದೆ. ಬೂದಿ ಹತ್ತಿ ಬಾಡಿದ ಸೊಪ್ಪು ಯಾವುದಕ್ಕೂ ಬರುವಂತಿರಲಿಲ್ಲ. ಬಿಸಿಲಿಳಿದ ಮೇಲೆ ನಾಚಿಕೆ ಬಿಟ್ಟು ಪಕ್ಕದವರನ್ನು ಕೂಗಿ, ಅತ್ತೆಯವರಿಗೆ ಬೇಕಿತ್ತೆಂದು ಸೊಪ್ಪು ಕೇಳಿದೆ.

"ಅಯ್ಯೋ, ಬನ್ರೀ! ನಿಮ್ದನ್ನ ಗುಂಡಿಗಾಕಿ ನಮ್ದರ ಮೇಲೆ ಕಣ್ಣಾ?" ಎನ್ನುತ್ತಲೇ ತಾವೂ ಕುಕ್ಕರಗಾಲಿನಲ್ಲಿ ಕೂತು, ಯಾವುದು ಅಣ್ಣೆ, ಯಾವುದು ಗಣಿಕೆ ಎಂದು ಎಲೆ ಹಿಡಿದು ತೋರಿಸಿದರು. ಗಣಿಕೆಯ ಕಪ್ಪು ಹಣ್ಣು ಒಡೆದು ಬೆರಳೆಲ್ಲ ನೇರಳೆಯಾಯಿತು. ಚಿಗುರನ್ನಷ್ಟೇ ಚಿವುಟಬೇಕಂತೆ, ಬುಡ ಅಲ್ಲೇ ಇರಬೇಕಂತೆ.

ದೀಪ ಹಚ್ಚುವ ಹೊತ್ತಿಗೆ ಅತ್ತೆ ಮಣೆಯ ಮೇಲೆ ಕೂತು ಮುದ್ದೆ ಮುರಿದರು. ಮೊದಲ ತುತ್ತನ್ನು ನಿಧಾನವಾಗಿ ನುಂಗಿದರು. ಆಮೇಲೆ ಎರಡನೆಯದಕ್ಕೆ ಕೈ ಹೋಯಿತು. ಕೊನೆಗೆ ಇನ್ನರ್ಧ ಹಾಕಿಸಿಕೊಂಡು, "ಖಾರ ಸಾಲ್ದು" ಎಂದರು.

ನಾನು ಹಿತ್ತಿಲಿಗೆ ಬಂದಾಗ ಪಕ್ಕದ ಮನೆಯವರು ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದರು.

"ನಿಮ್ಮತ್ತೆ ಉಂಡ್ರಾ?"

"ಒಂದೂವರೆ ಮುದ್ದೆ."

"ಹಂಗಾದ್ರೆ ನಾಳೆಯಿಂದ ನಿಮ್ಮನ್ನ ಬೈಯಕ್ಕೂ ಶುರು ಮಾಡ್ತಾರೆ ಬುಡಿ" ಎನ್ನುತ್ತಾ ಬಟ್ಟೆಯ ಹೊರೆ ಎದೆಗೊತ್ತಿಕೊಂಡು ಒಳಗೆ ನಡೆದರು.